ಗುಡಿಸು ಜರುಗಿದ ಜಾಹೀರಾತು: ಅಚ್ಚಿನ ತಪ್ಪನ್ನು ಹಿಡಿಯಬೇಕಾದವರು ಯಾರು ಎಂಬುದರ ಬಗ್ಗೆ ಮಂಡ್ಯದ ಒಂದು ಪ್ರಕರಣ

ಮಂಡ್ಯದ ಒಂದು ಪತ್ತಿನ ಸಹಕಾರ ಸಂಘವು ಸಂಕ್ರಾಂತಿಗೆ ಮುಂಚಿನ ವಾರ ಪ್ರಕಟಿಸಿದ ಜಾಹೀರಾತಿನಲ್ಲಿ ಒಂದು ಗುಡಿಸು ತನ್ನ ಜಾಗ ಬಿಟ್ಟು ಒಂದು ಅಕ್ಷರ ಹಿಂದಕ್ಕೆ ಜರುಗಿತು. ‘ಬಡ್ಡಿಯಲ್ಲಿ’ ಎಂದಿರಬೇಕಾದ ಪದ ‘ಬಡ್ಡಿಯಿಲ್ಲ’ ಎಂದು ಅಚ್ಚಾಯಿತು. ಆ ನಂತರ ಸಂಘ, ಡಿಟಿಪಿ ಕೇಂದ್ರ, ಜಾಹೀರಾತು ಏಜೆಂಟ್ ಮತ್ತು ಪತ್ರಿಕೆಯ ನಡುವೆ ಎದ್ದ ತಕರಾರನ್ನು ನೋಡಿ ಒಂದು ಅಭಿಪ್ರಾಯ ಹೇಳುವಂತೆ ನನ್ನನ್ನು ಕೇಳಲಾಯಿತು. ನಾನು ಮೈಸೂರಿನಲ್ಲಿ ಬಹಳ ವರ್ಷಗಳಿಂದ ಕರಡು ತಿದ್ದುವ ಕೆಲಸ ಮಾಡಿಕೊಂಡು ಬಂದವನು; ಸಂಘದ ಅಧ್ಯಕ್ಷರಿಗೂ ಡಿಟಿಪಿ ಕೇಂದ್ರದ ಮಾಲೀಕರಿಗೂ ಪರಿಚಿತನಾಗಿದ್ದುದೊಂದೇ ಈ ಕೆಲಸ ನನ್ನ ಪಾಲಿಗೆ ಬರಲು ಕಾರಣ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಯಾರ ಹೆಸರನ್ನೂ ಹೇಳದೆ, ಆಗಿದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಜಾಹೀರಾತಿನ ಕಾಗುಣಿತವನ್ನು ನೋಡಬೇಕಾದವರು ಯಾರು ಎಂಬ ಪ್ರಶ್ನೆಗೆ ನಮ್ಮ ವೃತ್ತಿಯಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರತ್ತ ಬೆರಳು ತೋರಿಸುವುದೇ ರೂಢಿಯಾಗಿರುವುದರಿಂದ, ಒಂದು ಪ್ರಕರಣವನ್ನಾದರೂ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ನೋಡುವುದು ಅಗತ್ಯವೆಂದು ನನಗೆ ಅನ್ನಿಸಿತು.

ಜಾಹೀರಾತು ದೊಡ್ಡದೇನೂ ಆಗಿರಲಿಲ್ಲ. ಮೂರು ಕಾಲಂ ಅಗಲ, ಹದಿನಾರು ಸೆಂಟಿಮೀಟರ್ ಎತ್ತರ. ಮೇಲೆ ‘ಸಂಕ್ರಾಂತಿ ಕೊಡುಗೆ’ ಎಂಬ ಸಣ್ಣ ಪಟ್ಟಿ. ಅದರ ಕೆಳಗೆ ದಪ್ಪಕ್ಷರಗಳಲ್ಲಿ ‘ಚಿನ್ನದ ಸಾಲಕ್ಕೆ ಬಡ್ಡಿಯಲ್ಲಿ’ ಎಂಬ ಸಾಲು. ಅದರ ಕೆಳಗೆ ಅರ್ಧದಷ್ಟು ಗಾತ್ರದ ಅಕ್ಷರಗಳಲ್ಲಿ ‘ಶೇ 1 ರಿಯಾಯಿತಿ’. ಕೊನೆಯಲ್ಲಿ ಸಂಘದ ವಿಳಾಸ, ನಿರ್ದೇಶಕರ ಹೆಸರುಗಳು, ಹಬ್ಬದ ಶುಭಾಶಯ. ಶೇ 12 ಇದ್ದ ಬಡ್ಡಿಯನ್ನು ಎರಡು ತಿಂಗಳ ಅವಧಿಗೆ ಶೇ 11ಕ್ಕೆ ಇಳಿಸುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಗುಡಿಸು ಜರುಗಿದ ಮೇಲೆ ದಪ್ಪಕ್ಷರದ ಸಾಲು ‘ಚಿನ್ನದ ಸಾಲಕ್ಕೆ ಬಡ್ಡಿಯಿಲ್ಲ’ ಎಂದಾಯಿತು. ಮೊದಲು ಅದು ಕೆಳಗಿನ ಸಾಲನ್ನು ಕಾಯುತ್ತಿದ್ದ ಅರ್ಧ ವಾಕ್ಯವಾಗಿತ್ತು. ಈಗ ತಾನೇ ತಾನಾಗಿ ನಿಲ್ಲುವ ಪೂರ್ಣ ವಾಕ್ಯವಾಯಿತು. ‘ಶೇ 1 ರಿಯಾಯಿತಿ’ ಎಂಬುದು ಅದರ ಕೆಳಗೆ ಅರ್ಥವಿಲ್ಲದ ಬಾಲದಂತೆ ಉಳಿಯಿತು.

ಇಂಥ ಮಾತನ್ನು ಜನ ನಂಬುತ್ತಾರೆಯೇ ಎಂದು ಹೊರಗಿನವರು ಕೇಳಬಹುದು. ಮಂಡ್ಯದಲ್ಲಿ ನಂಬುತ್ತಾರೆ, ಮತ್ತು ನಂಬಲು ಕಾರಣವೂ ಇದೆ. ಸಕಾಲಕ್ಕೆ ಮರುಪಾವತಿ ಮಾಡುವ ರೈತರಿಗೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕ ಶೂನ್ಯ ಬಡ್ಡಿಯಲ್ಲಿ ಬೆಳೆಸಾಲ ಕೊಡುವ ಸರ್ಕಾರದ ಯೋಜನೆ ರಾಜ್ಯದಲ್ಲಿ ಹಲವು ವರ್ಷಗಳಿಂದ ಇದೆ. 2023ರ ಜುಲೈಯಲ್ಲಿ ಮಂಡಿಸಿದ ಬಜೆಟ್‌ನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸುವುದಾಗಿ ಘೋಷಿಸಲಾಯಿತು. ‘ಸಹಕಾರ ಸಂಘ’, ‘ಸಾಲ’, ‘ಬಡ್ಡಿಯಿಲ್ಲ’ ಎಂಬ ಮೂರು ಮಾತುಗಳು ಒಟ್ಟಿಗೆ ಬಂದರೆ ಕಬ್ಬು ಬೆಳೆಯುವ ಊರಿನ ಓದುಗರಿಗೆ ಅದು ಅಪರಿಚಿತವಾಗಿ ಕಾಣುವುದಿಲ್ಲ. ಬೆಳೆಸಾಲಕ್ಕೂ ಚಿನ್ನದ ಸಾಲಕ್ಕೂ ಇರುವ ವ್ಯತ್ಯಾಸವನ್ನು ವಿಚಾರಿಸಿಕೊಳ್ಳಬೇಕಿತ್ತು ಎಂದು ಸಂಘದ ನಿರ್ದೇಶಕರೊಬ್ಬರು ನನ್ನ ಬಳಿ ಹೇಳಿದರು. ಅಚ್ಚಿನಲ್ಲಿ ಬಂದದ್ದನ್ನು ನಂಬಿದ್ದು ಓದುಗರ ತಪ್ಪು ಎನ್ನುವ ಈ ವಾದವನ್ನು ನಾನು ಒಪ್ಪುವುದಿಲ್ಲ.

ಗುರುವಾರ ಪತ್ರಿಕೆಯಲ್ಲಿ ಜಾಹೀರಾತು ಬಂತು. ಅದೇ ವಿನ್ಯಾಸದ ಆರು ಸಾವಿರ ಕರಪತ್ರಗಳು ಶುಕ್ರವಾರ ಬೆಳಗಿನ ಜಾವ ಪತ್ರಿಕೆಗಳ ಒಳಗೆ ಸೇರಿ ಮಂಡ್ಯ, ಮದ್ದೂರು, ಪಾಂಡವಪುರದ ಮನೆಗಳನ್ನು ತಲುಪಿದವು. ಶುಕ್ರವಾರ ಕಚೇರಿಯ ಬಾಗಿಲು ತೆಗೆಯುವ ಮುಂಚೆಯೇ ಜನ ಸೇರಿದ್ದರು. ಹೆಚ್ಚಿನವರು ವಿಷಯ ತಿಳಿದು ಬೇಸರದಿಂದ ಹಿಂತಿರುಗಿದರು. ಆದರೆ ಪಾಂಡವಪುರ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ಒಬ್ಬ ಹೆಂಗಸು ಹಾಗೆ ಹಿಂತಿರುಗುವ ಸ್ಥಿತಿಯಲ್ಲಿರಲಿಲ್ಲ. ಆಕೆಯ ಸರ ಗಿರವಿ ಅಂಗಡಿಯಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಇತ್ತು. ಗುರುವಾರದ ಜಾಹೀರಾತು ನೋಡಿದವರು ಹೇಳಿದ ಮಾತು ಕೇಳಿ, ಅಂದೇ ಪರಿಚಿತರಿಂದ ಅರವತ್ತು ಸಾವಿರ ಕೈಸಾಲ ತಂದು, ಸರವನ್ನು ಬಿಡಿಸಿಕೊಂಡು, ಅದನ್ನು ಇಲ್ಲಿಡಲು ಬಂದಿದ್ದರು. ಕೈಸಾಲಕ್ಕೆ ಒಂದು ವಾರದ ಬಡ್ಡಿಯೆಂದು 1,200 ರೂಪಾಯಿ ಮೊದಲೇ ಮುರಿದುಕೊಂಡಿದ್ದರು. ‘ಬಡ್ಡಿ ಇಲ್ಲ ಅಂತ ನೀವೇ ಬರ್ದಿದ್ದೀರಲ್ಲ ಸಾಮಿ’ ಎಂದು ಆಕೆ ಕರಪತ್ರವನ್ನು ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟಾಗಲೇ ಅವರು ಆ ಸಾಲನ್ನು ಮೊದಲ ಬಾರಿಗೆ ನಿಜವಾಗಿ ಓದಿದ್ದು. ಇದನ್ನು ಕಾರ್ಯದರ್ಶಿಗಳೇ ನನಗೆ ಮುಚ್ಚುಮರೆಯಿಲ್ಲದೆ ಹೇಳಿದರು.

ತಕರಾರು ಹಣದ ರೂಪ ತಾಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಲವತ್ತೆಂಟು ಕಾಲಂ ಸೆಂಟಿಮೀಟರಿಗೆ 250 ರೂಪಾಯಿಯಂತೆ 12,000, ಅದರ ಮೇಲೆ ಶೇ 5 ಜಿಎಸ್‌ಟಿ ಸೇರಿ ಪತ್ರಿಕೆಯ ಬಿಲ್ಲು 12,600. ಕರಪತ್ರದ ಅಚ್ಚಿಗೆ 5,400. ಪತ್ರಿಕೆಯೊಳಗೆ ಸೇರಿಸಿ ಹಂಚಿದ್ದಕ್ಕೆ 3,000. ವಿನ್ಯಾಸ ಮಾಡಿಕೊಟ್ಟ ಡಿಟಿಪಿ ಕೇಂದ್ರಕ್ಕೆ 600. ಇವುಗಳಲ್ಲಿ ಒಂದನ್ನೂ ಕೊಡುವುದಿಲ್ಲವೆಂದು ಸಂಘ ಹೇಳಿತು. ತಿದ್ದುಪಡಿ ಜಾಹೀರಾತಿನ 4,200 ರೂಪಾಯಿಯನ್ನು ತಪ್ಪು ಮಾಡಿದವರೇ ಕೊಡಬೇಕೆಂದೂ ಹೇಳಿತು. ತಪ್ಪು ಮಾಡಿದವರು ಯಾರು ಎಂಬಲ್ಲಿಗೆ ಮಾತು ನಿಂತಿತು.

ನಾನು ಮೊದಲು ಮಾಡಿದ ಕೆಲಸವೆಂದರೆ ಕಾಗದಗಳನ್ನು ಸಾಲಾಗಿ ಜೋಡಿಸಿದ್ದು. ಸೋಮವಾರ ಕಾರ್ಯದರ್ಶಿಗಳು ಸಂಘದ ಲೆಟರ್‌ಹೆಡ್‌ನಲ್ಲಿ ಕೈಯಲ್ಲಿ ಬರೆದುಕೊಟ್ಟ ಮೂಲಪ್ರತಿ ಸಿಕ್ಕಿತು. ಅದರಲ್ಲಿ ‘ಬಡ್ಡಿಯಲ್ಲಿ’ ಎಂದೇ ಸ್ಪಷ್ಟವಾಗಿದೆ. ಮಂಗಳವಾರ ಕಾಗದದ ಮೇಲೆ ಕೊಟ್ಟ ಮೊದಲ ಪ್ರೂಫ್ ಸಿಕ್ಕಿತು. ಅದರಲ್ಲಿಯೂ ‘ಬಡ್ಡಿಯಲ್ಲಿ’ ಎಂದೇ ಇದೆ. ಆ ಪ್ರೂಫಿನಲ್ಲಿ ಕಾರ್ಯದರ್ಶಿಗಳು ಮೂರು ತಪ್ಪುಗಳನ್ನು ಗುರುತಿಸಿದ್ದರು. ‘ಹಾರ್ಧಿಕ’ ಎಂಬುದನ್ನು ‘ಹಾರ್ದಿಕ’ ಎಂದು ತಿದ್ದಿದ್ದರು, ಒಬ್ಬ ನಿರ್ದೇಶಕರ ಇನಿಷಿಯಲ್ ಸರಿಪಡಿಸಿದ್ದರು, ದೂರವಾಣಿ ಸಂಖ್ಯೆಯ ಒಂದು ಅಂಕಿ ಬದಲಿಸಿದ್ದರು. ಕೆಳಗೆ ಸಹಿ ಹಾಕಿದ್ದರು. ಅಂದರೆ ಮೊದಲ ಓದು ಶ್ರದ್ಧೆಯಿಂದಲೇ ಆಗಿತ್ತು. ಮಹಾಪ್ರಾಣದ ತಪ್ಪನ್ನು ಹಿಡಿಯಬಲ್ಲ ಕಣ್ಣು ಅದಕ್ಕಿಂತ ನೂರುಪಟ್ಟು ದೊಡ್ಡ ತಪ್ಪನ್ನು ಹೇಗೆ ಬಿಟ್ಟಿತು ಎಂದು ಎಲ್ಲರೂ ಕೇಳುತ್ತಿದ್ದರು. ಉತ್ತರ ಸರಳವಾಗಿದೆ. ಅವರು ಓದಿದಾಗ ಆ ತಪ್ಪು ಅಲ್ಲಿ ಇರಲೇ ಇಲ್ಲ.

ತಪ್ಪು ಹುಟ್ಟಿದ್ದು ಬುಧವಾರ ಸಂಜೆ. ಏಳೂವರೆಗೆ ಅಧ್ಯಕ್ಷರು ಡಿಟಿಪಿ ಕೇಂದ್ರಕ್ಕೆ ಫೋನ್ ಮಾಡಿ, ದಪ್ಪಕ್ಷರದ ಸಾಲು ಸಾದಾ ಆಯಿತು, ಇನ್ನೊಂದು ಬ್ಯಾಂಕಿನ ಜಾಹೀರಾತಿನಲ್ಲಿರುವಂಥ ಅಂದದ ಫಾಂಟ್ ಹಾಕಬೇಕು ಎಂದರು. ಕನ್ನಡದಲ್ಲಿ ಫಾಂಟ್ ಬದಲಿಸುವುದು ಎಷ್ಟೋ ಸಂದರ್ಭಗಳಲ್ಲಿ ಪದವನ್ನು ಮತ್ತೆ ಬೆರಳಚ್ಚು ಮಾಡುವುದೇ ಆಗಿರುತ್ತದೆ ಎಂಬುದು ಹೊರಗಿನವರಿಗೆ ತಿಳಿದಿರುವುದಿಲ್ಲ. ಯೂನಿಕೋಡ್‌ನಲ್ಲಿ ಬರೆದದ್ದಾದರೆ ಒಂದು ಫಾಂಟಿನಿಂದ ಇನ್ನೊಂದಕ್ಕೆ ಹೋದರೂ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ನಮ್ಮ ಬಹುಪಾಲು ಡಿಟಿಪಿ ಕೇಂದ್ರಗಳು ಇಂದಿಗೂ ಬಳಸುವ ಹಳೆಯ ನುಡಿ, ಶ್ರೀಲಿಪಿ ಮೊದಲಾದ ಫಾಂಟುಗಳಲ್ಲಿ ಹಾಗಾಗುವುದಿಲ್ಲ. ಅವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಸಂಕೇತಗಳ ಏರ್ಪಾಡು ಇದೆ. ನುಡಿಯಲ್ಲಿ ಬರೆದ ಸಾಲನ್ನು ಆಯ್ದು ಬೇರೆ ಗುಂಪಿನ ಫಾಂಟ್ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ತೆರೆಯ ಮೇಲೆ ಮೂಡುತ್ತದೆ. ಆಪರೇಟರ್ ಹೆಣ್ಣುಮಗಳು ಆ ಸಾಲನ್ನು ಅಳಿಸಿ ಹೊಸದಾಗಿ ಹೊಡೆದಳು. ಕನ್ನಡ ಬೆರಳಚ್ಚಿಗೆ ಬಳಸುವ ಕೆ.ಪಿ. ರಾವ್ ಕೀಲಿಮಣೆಯಲ್ಲಿ ‘ಯಲ್ಲಿ’ ಎಂದು ಮೂಡಿಸಲು ಒತ್ತಬೇಕಾದ ಕೀಲಿಗಳು ಕ್ರಮವಾಗಿ ವೈ, ಎಲ್, ಎಫ್, ಎಲ್, ಐ. ‘ಯಿಲ್ಲ’ ಎಂದು ಮೂಡಿಸಲು ವೈ, ಐ, ಎಲ್, ಎಫ್, ಎಲ್. ಎರಡರಲ್ಲೂ ಅವೇ ಐದು ಕೀಲಿಗಳು. ಗುಡಿಸಿನ ಕೀಲಿಯ ಮೇಲೆ ಬೆರಳು ಮೂರು ಹೊಡೆತ ಮೊದಲೇ ಬಿತ್ತು, ಆದದ್ದು ಇಷ್ಟೇ.

ಇದನ್ನು ಕಂಪ್ಯೂಟರೇ ಹಿಡಿಯಬೇಕಿತ್ತಲ್ಲವೇ ಎಂದು ಅಧ್ಯಕ್ಷರು ಕೇಳಿದರು. ಹಿಡಿಯಲು ಸಾಧ್ಯವಿರಲಿಲ್ಲ. ‘ಬಡ್ಡಿಯಲ್ಲಿ’, ‘ಬಡ್ಡಿಯಿಲ್ಲ’ ಎರಡೂ ಸಾಧುವಾದ ಕನ್ನಡ ಪದಗಳೇ. ಕನ್ನಡಕ್ಕೆ ಎಷ್ಟೇ ಒಳ್ಳೆಯ ಪದಪರೀಕ್ಷಕ ಬಂದರೂ ನಿಘಂಟಿಗೆ ಒಪ್ಪುವ ಪದವನ್ನು ಅದು ತಪ್ಪೆಂದು ಹೇಳುವುದಿಲ್ಲ. ಅಲ್ಲದೆ ಹಳೆಯ ಫಾಂಟಿನ ಬರಹ ಅಂಥ ಪರೀಕ್ಷಕಕ್ಕೆ ಕನ್ನಡವಾಗಿಯೇ ಕಾಣುವುದಿಲ್ಲ. ಅಚ್ಚಿಗೆ ಕಳಿಸುವ ಮುನ್ನ ಅಕ್ಷರಗಳನ್ನು ಕರ್ವ್ ಮಾಡಿಬಿಟ್ಟರೆ ಅವು ಬರಹವಾಗಿ ಉಳಿಯದೆ ಬರೀ ಚಿತ್ರಗಳಾಗುತ್ತವೆ. ವಿಧ್ಯಾರ್ಥಿ, ಆರ್ಶಿವಾದ, ಅಭಿವೃದ್ದಿ ಮುಂತಾದ ತಪ್ಪುಗಳು ನಮ್ಮ ಬೀದಿಬೀದಿಯ ಫ್ಲೆಕ್ಸುಗಳಲ್ಲಿವೆ. ಅವು ಭಾಷೆಗೆ ಅವಮಾನ ಮಾಡುತ್ತವೆ, ಆದರೆ ಓದುವವರನ್ನು ದಾರಿ ತಪ್ಪಿಸುವುದಿಲ್ಲ. ಇಂಗ್ಲಿಷಿನ ಸ್ಪೆಲಿಂಗ್ ತಪ್ಪಿಗೆ ನಾವು ಕಾಗುಣಿತದ ತಪ್ಪು ಎಂಬ ಮಾತನ್ನು ಸಡಿಲವಾಗಿ ಬಳಸುತ್ತೇವೆ. ಇಲ್ಲಿ ಆದದ್ದು ಮಾತ್ರ ಅಕ್ಷರಶಃ ಕಾಗುಣಿತದ ತಪ್ಪು. ಪದ ತನಗೆ ತಾನು ಸರಿಯಿದ್ದು, ಹೇಳಬೇಕಾದ ವಿಷಯದೊಂದಿಗೆ ಹೋಲಿಸಿದಾಗ ಮಾತ್ರ ತಪ್ಪಾಗುವ ಇಂಥದ್ದನ್ನು ಹಿಡಿಯಲು ಭಾಷೆ ಬಲ್ಲವರು ಸಾಲದು, ವಿಷಯ ಬಲ್ಲವರು ಬೇಕು. ಹೊಣೆಯ ಪ್ರಶ್ನೆಗೆ ಈ ವ್ಯತ್ಯಾಸವೇ ಬುಡ.

ಎರಡನೆಯ ಪ್ರೂಫ್ ಬುಧವಾರ ರಾತ್ರಿ 8.40ಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಹೋಯಿತು. ಕಾರ್ಯದರ್ಶಿಗಳು ಆಗ ಬಸ್ಸಿನಲ್ಲಿದ್ದರು. ಅಂಗೈಯಗಲದ ಪರದೆಯಲ್ಲಿ ತಾವು ಹೇಳಿದ್ದ ಮೂರು ತಿದ್ದುಪಡಿಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದರು, ಮೂರೂ ಸರಿಯಾಗಿದ್ದವು. ದಪ್ಪಕ್ಷರದ ಸಾಲಿನ ಅಂದವನ್ನು ನೋಡಿದರು, ಪದಗಳನ್ನು ಓದಲಿಲ್ಲ. 8.52ಕ್ಕೆ ‘ಓಕೆ’ ಎಂದು ಬರೆದರು. ಫಾಂಟ್ ಬದಲಿಸಿ ಎಂದು ಅಧ್ಯಕ್ಷರು ಹೇಳಿದ್ದು ಅವರಿಗೆ ಗೊತ್ತಿತ್ತು. ಫಾಂಟ್ ಬದಲಿಸಲು ಸಾಲನ್ನೇ ಮತ್ತೆ ಹೊಡೆದಿದ್ದಾರೆ ಎಂಬುದು ಗೊತ್ತಿರಲಿಲ್ಲ, ಯಾರೂ ಹೇಳಿರಲೂ ಇಲ್ಲ. ಪ್ರೂಫಿನೊಂದಿಗೆ ಬಂದ ಸಂದೇಶದಲ್ಲಿ ಇದ್ದದ್ದು ‘ಕರೆಕ್ಷನ್ ಮಾಡಿದೆ ಸಾರ್, ನೋಡಿ’ ಎಂಬುದಷ್ಟೇ.

ಸಂಘದ ವಾದ ಈ ಸಂದೇಶದ ಮೇಲೆಯೇ ನಿಂತಿತ್ತು. ನಾವು ಸಹಿ ಹಾಕಿದ ಪ್ರೂಫಿನಲ್ಲಿ ಸರಿಯಿದ್ದದ್ದು ನಾವು ಹೇಳದೆ ಬದಲಾಗಿದೆ, ಆದ್ದರಿಂದ ನಮ್ಮ ಮೇಲೆ ಹೊಣೆಯಿಲ್ಲ ಎಂಬುದು ಅವರ ಮಾತು. ಡಿಟಿಪಿ ಕೇಂದ್ರದ ಮಾಲೀಕರ ವಾದ ವಾಟ್ಸ್‌ಆ್ಯಪ್‌ನ ‘ಓಕೆ’ಯ ಮೇಲೆ ನಿಂತಿತ್ತು. ನಾವು ಹೊಡೆಯುವವರು, ಓದುವವರಲ್ಲ. ಓದಿ ಒಪ್ಪುವುದು ಪಾರ್ಟಿಯ, ಅಂದರೆ ಜಾಹೀರಾತು ಕೊಡುವವರ, ಕೆಲಸ. ಆರುನೂರು ರೂಪಾಯಿಗೆ ಇಪ್ಪತ್ತು ಸಾವಿರದ ಹೊಣೆ ಹೊರುವವರು ಯಾರು ಎಂದು ಅವರು ಕೇಳಿದರು.

ಈ ವಾದ ಹೊಸದಲ್ಲ. ಓಲೆಗರಿಯ ಕಾಲದ ಲಿಪಿಕಾರರೂ ಇದನ್ನೇ ಹೇಳುತ್ತಿದ್ದರು. ‘ಪುಸ್ತಕವನ್ನು ಹೇಗೆ ಕಂಡೆನೋ ಹಾಗೆಯೇ ಬರೆದಿದ್ದೇನೆ, ಶುದ್ಧವಾಗಿರಲಿ ಅಶುದ್ಧವಾಗಿರಲಿ, ದೋಷ ನನ್ನದಲ್ಲ’ ಎಂಬ ಅರ್ಥದ ಸಂಸ್ಕೃತ ಶ್ಲೋಕವನ್ನು ಹಸ್ತಪ್ರತಿಗಳ ಕೊನೆಯಲ್ಲಿ ಬರೆಯುವುದು ವಾಡಿಕೆಯಾಗಿತ್ತು. 1891ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಪ್ರಾಚ್ಯ ಸಂಶೋಧನಾ ಸಂಸ್ಥೆಯಂಥ ಕಡೆ ಹಸ್ತಪ್ರತಿಗಳೊಂದಿಗೆ ಒಡನಾಡಿದವರಿಗೆಲ್ಲ ಈ ಶ್ಲೋಕ ಪರಿಚಿತ. ನಾನು ಮಾಲೀಕರಿಗೆ ಇದನ್ನು ಹೇಳಿದಾಗ ಅವರು ತಮ್ಮ ಪಕ್ಷಕ್ಕೆ ಬಲ ಬಂತೆಂದು ತಿಳಿದರು. ಆದರೆ ಶ್ಲೋಕದ ಮೊದಲ ಮಾತನ್ನು ಗಮನಿಸಬೇಕು. ಲಿಪಿಕಾರನಿಗೆ ಸಿಗುವ ವಿನಾಯಿತಿ ‘ಕಂಡ ಹಾಗೆ ಬರೆದಿದ್ದರೆ’ ಮಾತ್ರ. ಮೂಲಪ್ರತಿಯಲ್ಲಿ ‘ಬಡ್ಡಿಯಲ್ಲಿ’ ಎಂದಿತ್ತು. ಕಂಡ ಹಾಗೆ ಬರೆಯಲಿಲ್ಲ. ಕೈತಪ್ಪು ಯಾರಿಗಾದರೂ ಆಗುತ್ತದೆ, ದಿನಕ್ಕೆ ಇಪ್ಪತ್ತು ಕೆಲಸ ಮುಗಿಸುವ ಆಪರೇಟರನ್ನು ಅದಕ್ಕಾಗಿ ನಾನು ದೂರುವುದಿಲ್ಲ. ಸಾಲನ್ನು ಮತ್ತೆ ಹೊಡೆದಿದ್ದೇವೆ, ಇಡೀ ಸಾಲನ್ನು ಓದಿ ಎಂಬ ಒಂದು ಮಾತನ್ನು ಕೇಂದ್ರ ಹೇಳಲಿಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

ಅಚ್ಚಿನ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಇದಕ್ಕೊಂದು ಶಿಸ್ತಿತ್ತು. ಗ್ಯಾಲಿ ಪ್ರೂಫ್ (ಪುಟ ಕಟ್ಟುವ ಮುಂಚಿನ ಕರಡು) ಓದುವಾಗ ಒಬ್ಬರು ಮೂಲಪ್ರತಿಯನ್ನು ಹಿಡಿದು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಅಚ್ಚಿನ ಮೇಲೆ ಕಣ್ಣಿಟ್ಟು ಹೋಗುತ್ತಿದ್ದರು. ತಿದ್ದಿದ ಮೇಲೆ ತಿದ್ದಿದ ಪದವನ್ನಷ್ಟೇ ಅಲ್ಲದೆ ಆ ಸಾಲನ್ನೂ ಅದರ ಹಿಂದುಮುಂದಿನ ಸಾಲುಗಳನ್ನೂ ಮತ್ತೆ ಓದಬೇಕೆಂಬುದು ನಾನು ಕೆಲಸ ಕಲಿತ ಪ್ರೆಸ್ಸಿನ ನಿಯಮ, ಏಕೆಂದರೆ ಒಂದು ಮೊಳೆ ತೆಗೆಯುವಾಗ ಪಕ್ಕದ ಮೊಳೆ ಅಲುಗುವುದು ಎಲ್ಲರೂ ಬಲ್ಲ ಸಂಗತಿಯಾಗಿತ್ತು. ಕಂಪ್ಯೂಟರ್ ಬಂದ ಮೇಲೆ, ಮುಟ್ಟದೆ ಇದ್ದದ್ದು ಇದ್ದಂತೆಯೇ ಇರುತ್ತದೆ ಎಂಬ ನಂಬಿಕೆ ಬೆಳೆಯಿತು. ಆ ನಂಬಿಕೆ ನಿಜವೇ. ಆದರೆ ಯಾವುದನ್ನು ಮುಟ್ಟಿದ್ದಾರೆ ಎಂಬುದು ನೋಡುವವರಿಗೆ ಕಾಣುವುದಿಲ್ಲ. ಹಿಂದೆ ಸಣ್ಣ ಪ್ರೆಸ್ಸಿನಲ್ಲಿಯೂ ಕರಡು ತಿದ್ದಲು ಒಬ್ಬರಿರುತ್ತಿದ್ದರು. ಈಗ ಆ ಕುರ್ಚಿ ಇಲ್ಲ, ಅದರ ಕೆಲಸ ಮಾತ್ರ ಉಳಿದಿದೆ, ಮತ್ತು ಅದು ಯಾರಿಗೂ ಹೇಳದೆ ಗ್ರಾಹಕರ ಮೊಬೈಲಿಗೆ ವರ್ಗವಾಗಿದೆ.

ಪತ್ರಿಕೆಯ ನಿಲುವು ಖಚಿತವಾಗಿತ್ತು. ತಮಗೆ ಬಂದದ್ದು ಕರ್ವ್ ಮಾಡಿದ ಪಿಡಿಎಫ್, ಅದರಲ್ಲಿ ಅಕ್ಷರ ಬದಲಿಸುವ ಅಧಿಕಾರವಾಗಲಿ ಅನುಕೂಲವಾಗಲಿ ತಮಗಿಲ್ಲ, ರಿಲೀಸ್ ಆರ್ಡರ್ (ಜಾಹೀರಾತು ಪ್ರಕಟಿಸಲು ಕೊಡುವ ಲಿಖಿತ ಆದೇಶ) ಪ್ರಕಾರ ಪ್ರಕಟಿಸಿದ್ದೇವೆ ಎಂದರು. ಇದು ಬಹುಮಟ್ಟಿಗೆ ನ್ಯಾಯವೇ. ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿ ಸೂತ್ರಗಳು ಜಾಹೀರಾತೂ ಸೇರಿದಂತೆ ಪತ್ರಿಕೆಯಲ್ಲಿ ಬರುವ ಎಲ್ಲಕ್ಕೂ ಸಂಪಾದಕರೇ ಹೊಣೆಯೆಂದೂ, ಹೊಣೆಯನ್ನು ನಿರಾಕರಿಸುವುದಾದರೆ ಅದನ್ನು ಮೊದಲೇ ಸ್ಪಷ್ಟವಾಗಿ ಹೇಳಿರಬೇಕೆಂದೂ ಹೇಳುತ್ತವೆ. ಜಾಹೀರಾತಿನ ವಿಷಯವನ್ನು ಓದುಗರೇ ಪರಿಶೀಲಿಸಿಕೊಳ್ಳಬೇಕೆಂಬ ಸಣ್ಣಕ್ಷರದ ಪ್ರಕಟಣೆ ಎಷ್ಟೋ ಪತ್ರಿಕೆಗಳಲ್ಲಿ ಇರುವುದು ಇದಕ್ಕಾಗಿಯೇ. ದಾರಿತಪ್ಪಿಸುವ ಜಾಹೀರಾತಿನ ವಿಷಯದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೆಯ ಕಲಂ ಪ್ರಕಾಶಕರನ್ನೂ ದಂಡದ ವ್ಯಾಪ್ತಿಗೆ ತರುತ್ತದೆಯಾದರೂ, ತಮ್ಮ ವ್ಯವಹಾರದ ಸಾಮಾನ್ಯ ಕ್ರಮದಲ್ಲಿ ಪ್ರಕಟಿಸಿದವರಿಗೆ ರಕ್ಷಣೆಯನ್ನೂ ಕೊಡುತ್ತದೆ. ಸಂಘವು ಬಡ್ಡಿಯಿಲ್ಲದೆ ಸಾಲ ಕೊಡಲೇಬೇಕೇ ಎಂಬ ಭಯ ಕೆಲವು ನಿರ್ದೇಶಕರಿಗಿತ್ತು. ಸಾಮಾನ್ಯವಾಗಿ ಜಾಹೀರಾತು ಕರಾರಿನ ಪ್ರಸ್ತಾವವಲ್ಲ, ಪ್ರಸ್ತಾವ ಮಾಡಿರೆಂಬ ಆಹ್ವಾನ ಮಾತ್ರ ಎಂಬುದು ಕರಾರು ಕಾನೂನಿನಲ್ಲಿ ನೆಲೆನಿಂತ ತತ್ತ್ವ. ಅವರ ವಕೀಲರೂ ಹಾಗೆಯೇ ಹೇಳಿದರು. ಕಾನೂನಿನ ಮಾತು ಇಷ್ಟಕ್ಕೆ ಸಾಕು, ಏಕೆಂದರೆ ಈ ಮೊತ್ತಕ್ಕೆ ನ್ಯಾಯಾಲಯಕ್ಕೆ ಹೋಗುವ ಮನಸ್ಸು ಯಾರಿಗೂ ಇರಲಿಲ್ಲ.

ನನ್ನ ಅಭಿಪ್ರಾಯ ಈ ಹಂತದಲ್ಲಿ ಒಂದು ರೂಪಕ್ಕೆ ಬಂದಿತ್ತು. ಕೇಂದ್ರ ಮೂರರಲ್ಲಿ ಎರಡು ಪಾಲು, ಸಂಘ ಒಂದು ಪಾಲು ಎಂದು ಬರೆದೂ ಇಟ್ಟಿದ್ದೆ. ಆಮೇಲೆ ಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ರಾತ್ರಿ ಪಾಳಿಯಲ್ಲಿದ್ದ ಹುಡುಗನೊಡನೆ ಮಾತನಾಡಿದಾಗ ಅದನ್ನು ಹರಿದು ಹಾಕಬೇಕಾಯಿತು. ತಪ್ಪನ್ನು ಯಾರೂ ಹಿಡಿಯಲಿಲ್ಲ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ಆ ಹುಡುಗ ಹಿಡಿದಿದ್ದ. ಪುಟಕ್ಕೆ ಜಾಹೀರಾತನ್ನು ಕೂರಿಸುವಾಗ, ಬಡ್ಡಿಯೇ ಇಲ್ಲವೆಂದ ಮೇಲೆ ಶೇ 1 ರಿಯಾಯಿತಿ ಯಾತಕ್ಕೆ ಎಂದು ಅವನಿಗೆ ಅನುಮಾನ ಬಂದಿತ್ತು. 10.20ಕ್ಕೆ ಏಜೆಂಟರಿಗೆ ಫೋನ್ ಮಾಡಿ ಅದನ್ನೇ ಕೇಳಿದ್ದ. ‘ಪಾರ್ಟಿ ಓಕೆ ಮಾಡಿದ್ದಾರೆ, ಹಾಗೇ ಹಾಕಪ್ಪ’ ಎಂಬ ಉತ್ತರ ಬಂತು. ಸಂಘದ ದೂರವಾಣಿ ಸಂಖ್ಯೆ ಜಾಹೀರಾತಿನಲ್ಲೇ ಇತ್ತು. ಆದರೆ ಏಜೆಂಟರನ್ನು ದಾಟಿ ಪಾರ್ಟಿಯೊಡನೆ ನೇರವಾಗಿ ಮಾತನಾಡುವುದು ಆ ವೃತ್ತಿಯಲ್ಲಿ ಸಲ್ಲದು, ಮತ್ತು ರಾತ್ರಿ ಹತ್ತೂವರೆಗೆ ಕಚೇರಿಯ ಫೋನ್ ಎತ್ತುವವರೂ ಇರುತ್ತಿರಲಿಲ್ಲ. ಅವನು ಹಾಗೆಯೇ ಹಾಕಿದ.

ಏಜೆಂಟರನ್ನು ಕೇಳಿದೆ. ಕರೆ ಬಂದದ್ದನ್ನು ಅವರು ಅಲ್ಲಗಳೆಯಲಿಲ್ಲ. ಆ ಹೊತ್ತಿನಲ್ಲಿ ಕಾರ್ಯದರ್ಶಿಗಳಿಗೆ ತೊಂದರೆ ಕೊಡಬಾರದೆಂದು ಸುಮ್ಮನಾದೆ ಎಂದರು. ತಾವು ಮಧ್ಯವರ್ತಿ ಮಾತ್ರ, ಅತ್ತಣಿಂದ ಬಂದದ್ದನ್ನು ಇತ್ತ ಕೊಡುವವರು, ಕಾಗುಣಿತ ನೋಡುವುದು ತಮ್ಮ ಕೆಲಸವಲ್ಲ ಎಂದೂ ಸೇರಿಸಿದರು. ಕಾಗುಣಿತ ನೋಡುವುದು ಅವರ ಕೆಲಸವಲ್ಲದೆ ಇರಬಹುದು. ಬಂದ ಪ್ರಶ್ನೆಯನ್ನು ಸೇರಬೇಕಾದವರಿಗೆ ಸೇರಿಸುವುದು ಅವರ ಕೆಲಸವೇ. ಜಾಹೀರಾತಿನ ಬೆಲೆಯ ಶೇ 15 ಕಮಿಷನ್ ಪಡೆಯುವವರು ಎರಡೂ ಕಡೆಯ ಮಾತನ್ನು ಹೊತ್ತು ತಿರುಗಬೇಕಲ್ಲದೆ ಒಂದು ಕಡೆಯ ಮಾತನ್ನು ಅಲ್ಲ.

ಈ ಒಂದು ಫೋನ್ ಕರೆಯಿಂದ ಇಡೀ ಪ್ರಶ್ನೆ ನನಗೆ ಬೇರೆಯಾಗಿ ಕಾಣತೊಡಗಿತು. ‘ತಪ್ಪಿಗೆ ಯಾರು ಹೊಣೆ’ ಎಂದು ಕೇಳುವಾಗ ನಾವು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತೇವೆ. ತಪ್ಪನ್ನು ಕಾಣುವುದು ಒಂದು, ಅದನ್ನು ತಿದ್ದುವ ಅಧಿಕಾರ ಇನ್ನೊಂದು, ಅದರಿಂದಾದ ನಷ್ಟವನ್ನು ಹೊರುವುದು ಮತ್ತೊಂದು. ಕಾಣುವುದಕ್ಕೆ ಅಧಿಕಾರ ಬೇಕಿಲ್ಲ. ಆ ಕಾಗದ ಯಾರ ಕಣ್ಣಿನ ಮುಂದೆ ಹಾದುಹೋಗುತ್ತದೆಯೋ ಅವರೆಲ್ಲರಿಗೂ ಅದು ಸೇರಿದ್ದು, ಮತ್ತು ಕಂಡದ್ದನ್ನು ಹೇಳುವುದು ಕಂಡವರ ಕರ್ತವ್ಯ. ತಿದ್ದುವ ಅಧಿಕಾರ ಜಾಹೀರಾತುದಾರರಿಗೆ ಮಾತ್ರ ಇರಬೇಕು, ಏಕೆಂದರೆ ಬಡ್ಡಿಯ ದರ ಏನೆಂದು ತಿಳಿದಿರುವುದು ಅವರಿಗೆ. ಪತ್ರಿಕೆಯ ಹುಡುಗ ತನ್ನ ಊಹೆಯ ಮೇಲೆ ಗುಡಿಸನ್ನು ಸರಿಸಿದ್ದರೆ ಈ ಬಾರಿ ಒಳ್ಳೆಯದೇ ಆಗುತ್ತಿತ್ತು. ಆದರೆ ನಿಜವಾಗಿಯೂ ಬಡ್ಡಿಯಿಲ್ಲದ ಸಾಲದ ಜಾಹೀರಾತನ್ನು ಇನ್ನೊಂದು ದಿನ ಹಾಗೆಯೇ ‘ತಿದ್ದಿದರೆ’ ಯಾರೂ ಅವನನ್ನು ಕ್ಷಮಿಸುತ್ತಿರಲಿಲ್ಲ. ಈ ಪ್ರಕರಣದಲ್ಲಿ ಕಂಡವನ ಬಳಿ ಅಧಿಕಾರವಿರಲಿಲ್ಲ, ಅಧಿಕಾರವಿದ್ದವರಿಗೆ ಕಾಣಲಿಲ್ಲ, ಇಬ್ಬರ ನಡುವೆ ಇದ್ದವರು ಮಾತನ್ನು ದಾಟಿಸಲಿಲ್ಲ.

ನಷ್ಟದ ಹಂಚಿಕೆಯನ್ನು ನಾನು ಹೀಗೆ ಸೂಚಿಸಿದೆ. ಪತ್ರಿಕೆಯ 12,600, ಕರಪತ್ರದ ಅಚ್ಚಿನ 5,400 ಮತ್ತು ಹಂಚಿಕೆಯ 3,000 ರೂಪಾಯಿಗಳನ್ನು ಸಂಘವೇ ಕೊಡಬೇಕು. ಕೊಟ್ಟದ್ದನ್ನು ಕೊಟ್ಟಂತೆ ಅಚ್ಚು ಮಾಡಿದವರ ಕೂಲಿಯನ್ನು ತಡೆಯುವುದು ಅನ್ಯಾಯ. ಒಪ್ಪಿದ ಪ್ರೂಫನ್ನು ರಾತ್ರಿ ಏಳೂವರೆಗೆ ಬಿಚ್ಚಿಸಿದವರು ಸಂಘದವರೇ. ಓದದೆ ‘ಓಕೆ’ ಎಂದವರೂ ಅವರೇ. ಜಾಹೀರಾತಿನಿಂದ ಲಾಭ ಪಡೆಯಬೇಕಾಗಿದ್ದವರೂ ಅವರೇ. ಡಿಟಿಪಿ ಕೇಂದ್ರ ತನ್ನ 600 ರೂಪಾಯಿಯನ್ನು ಬಿಟ್ಟು, ತಿದ್ದುಪಡಿ ಜಾಹೀರಾತಿನ ಕೆಲಸವನ್ನು ಉಚಿತವಾಗಿ ಮಾಡಿಕೊಡಬೇಕು. ನಡವಳಿಕೆಯ ತಪ್ಪನ್ನು ತೂಗಿದರೆ ಕೇಂದ್ರದ ತಪ್ಪು ಸಂಘದ ತಪ್ಪಿಗಿಂತ ದೊಡ್ಡದೆಂದೇ ನನ್ನ ಭಾವನೆ. ಆದರೂ ಆರುನೂರು ರೂಪಾಯಿ ಕೊಟ್ಟು ಇಪ್ಪತ್ತು ಸಾವಿರದ ವಿಮೆಯನ್ನು ಯಾರೂ ಕೊಂಡಿರುವುದಿಲ್ಲ. ತಿದ್ದುಪಡಿ ಜಾಹೀರಾತಿನ 4,200 ರೂಪಾಯಿಯನ್ನು ಏಜೆಂಟರು ಭರಿಸಬೇಕು. ಆ ಜಾಹೀರಾತೇ ಬೇಕಾಗದಂತೆ ಮಾಡಬಹುದಾಗಿದ್ದ ಕೊನೆಯ ಅವಕಾಶ ಅವರ ಕೈಯಲ್ಲಿತ್ತು. ಏಜೆಂಟರು ಇದನ್ನು ಕೂಡಲೇ ಒಪ್ಪಲಿಲ್ಲ. ಎರಡು ವಾರದ ಮಾತುಕತೆಯ ನಂತರ, ಸಂಘದ ಮುಂದಿನ ವರ್ಷದ ಜಾಹೀರಾತುಗಳು ತಮ್ಮ ಮೂಲಕವೇ ಹೋಗುವುದಾದರೆ ಅರ್ಧ ಕೊಡುವುದಾಗಿ ಹೇಳಿದರು. ಸಂಘ ಒಪ್ಪಿತು. ಹೊಣೆಯನ್ನು ವ್ಯಾಪಾರದೊಂದಿಗೆ ಬೆರೆಸಿದ ಆ ಒಪ್ಪಂದ ನನಗೆ ಸರಿಕಾಣಲಿಲ್ಲ, ಆದರೆ ಅದನ್ನು ತಡೆಯುವ ಹಕ್ಕೂ ನನಗಿರಲಿಲ್ಲ.

ಪಾಂಡವಪುರ ಕಡೆಯಿಂದ ಬಂದಿದ್ದ ಹೆಂಗಸಿನ 1,200 ರೂಪಾಯಿ ಯಾರ ಲೆಕ್ಕದಲ್ಲಿಯೂ ಸೇರಲಿಲ್ಲ. ಆಕೆ ಕೊನೆಗೆ ಶೇ 11ರ ಬಡ್ಡಿಗೆ ಸರವನ್ನು ಸಂಘದಲ್ಲಿಯೇ ಇಟ್ಟರು. ಗಿರವಿ ಅಂಗಡಿಯಲ್ಲಿ ತಿಂಗಳಿಗೆ ನೂರಕ್ಕೆ ಎರಡೆಂದರೆ ವರ್ಷಕ್ಕೆ ಇಪ್ಪತ್ತನಾಲ್ಕಾಗುತ್ತಿತ್ತು, ಹಾಗಾಗಿ ಆಕೆಗೆ ಲಾಭವೇ ಆಯಿತು ಎಂದು ಕಾರ್ಯದರ್ಶಿಗಳು ಹೇಳಿದರು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಶೇ 11 ಎಂದು ತಿಳಿದಿದ್ದರೆ ಆಕೆ ವಾರದ ಬಡ್ಡಿಗೆ ಕೈಸಾಲ ತರುತ್ತಿದ್ದರೇ ಎಂಬುದನ್ನು ಆಕೆಯನ್ನು ಕೇಳದೆ ಹೇಳಲಾಗದು, ಯಾರೂ ಕೇಳಲಿಲ್ಲ. ಆ ಹಣವನ್ನು ಸಂಘ ಕೊಡಬೇಕೆಂದು ನಾನು ಬರೆದಿದ್ದೆ. ಒಬ್ಬರಿಗೆ ಕೊಟ್ಟರೆ ಕರಪತ್ರ ಹಿಡಿದು ಬಂದವರೆಲ್ಲ ಕೇಳುತ್ತಾರೆಂದು ಆಡಳಿತ ಮಂಡಳಿ ನಿರಾಕರಿಸಿತು; ಆಭರಣ ಪರೀಕ್ಷೆಯ ಶುಲ್ಕವನ್ನು ಮಾತ್ರ ಮನ್ನಾ ಮಾಡಿತು. ಅಚ್ಚಿನ ತಪ್ಪಿನ ಹೊಣೆಯನ್ನು ಚರ್ಚಿಸುವಾಗ ನಾಲ್ಕು ಪಕ್ಷಗಳೂ ಪರಸ್ಪರ ನೋಡುತ್ತವೆ, ಓದಿದವರ ಕಡೆ ನೋಡುವುದಿಲ್ಲ ಎಂಬ ನನ್ನ ಬೇಸರ ಈಗಲೂ ಉಳಿದಿದೆ.

ಯುಗಾದಿಗೆ ಸಂಘ ಮತ್ತೆ ಜಾಹೀರಾತು ಕೊಟ್ಟಿತು. ಡಿಟಿಪಿ ಕೇಂದ್ರದವರು ಈಗ ಎರಡನೆಯ ಪ್ರೂಫಿನಲ್ಲಿ ತಾವು ಮುಟ್ಟಿದ ಪ್ರತಿಯೊಂದು ಸಾಲಿನ ಪಕ್ಕ ಕೆಂಪು ಗೆರೆ ಎಳೆದು ಕಳಿಸುತ್ತಾರೆ. ದಪ್ಪಕ್ಷರದ ಸಾಲನ್ನು ಆಪರೇಟರ್ ಫೋನಿನಲ್ಲಿ ಗಟ್ಟಿಯಾಗಿ ಓದುತ್ತಾಳೆ, ಕಾರ್ಯದರ್ಶಿಗಳು ಮೂಲಪ್ರತಿ ನೋಡುತ್ತ ಕೇಳಿಸಿಕೊಳ್ಳುತ್ತಾರೆ. ‘ಬಡ್ಡಿಯಲ್ಲಿ ಶೇ 1 ರಿಯಾಯಿತಿ’ ಎಂಬುದನ್ನು ಎರಡು ಸಾಲಿಗೆ ಒಡೆಯದೆ ಒಂದೇ ಸಾಲಿನಲ್ಲಿ ಇಡಬೇಕೆಂಬ ನನ್ನ ಸಲಹೆಗೆ, ಅಕ್ಷರ ಸಣ್ಣದಾಗುತ್ತದೆಂದು ಮೊದಲು ಮುನಿದರೂ, ಅಧ್ಯಕ್ಷರು ಒಪ್ಪಿದರು. ರಿಲೀಸ್ ಆರ್ಡರಿನಲ್ಲಿ ಕಾರ್ಯದರ್ಶಿಗಳ ಮೊಬೈಲ್ ಸಂಖ್ಯೆಯನ್ನು ಬರೆದು, ಅನುಮಾನ ಬಂದರೆ ಯಾವ ಹೊತ್ತಿನಲ್ಲಾದರೂ ನೇರವಾಗಿ ಕರೆಯಿರಿ ಎಂದು ಸೇರಿಸಿದರು. ಮುನ್ನಾದಿನ ರಾತ್ರಿ ಹತ್ತು ಗಂಟೆ ಹತ್ತು ನಿಮಿಷಕ್ಕೆ ಅದೇ ಹುಡುಗನಿಂದ ಕರೆ ಬಂತು. ಕೊಡುಗೆ ಏಪ್ರಿಲ್ 31ರವರೆಗೆ ಎಂದಿದೆ, ಸರಿಯೇ ಎಂದು ಕೇಳಿದ. ಕಾರ್ಯದರ್ಶಿಗಳು ತಮ್ಮ ಕೈಬರಹದ ಮೂಲಪ್ರತಿಯನ್ನು ತೆಗೆದು ನೋಡಿದರು. ಅದರಲ್ಲಿಯೇ 31 ಎಂದಿತ್ತು. 30 ಎಂದು ಹೇಳಿ, ಅದನ್ನು ಬರಹದಲ್ಲಿಯೂ ಕಳಿಸಿದರು. ಕೇಂದ್ರದಿಂದ ಹೊಸ ಪಿಡಿಎಫ್ ಹತ್ತೂಮುಕ್ಕಾಲಕ್ಕೆ ಪತ್ರಿಕೆಯನ್ನು ತಲುಪಿತು.